ಕಿಯೆರಿ: ವರವೂ ಮರುಳೂ ಒಂದೇ ಗಿಡದಲ್ಲಿ

ಕಿಯೆರಿ ಎಂಬುದು ಪಶ್ಚಿಮ ಮೆಕ್ಸಿಕೋದ ವಿರಾರಿಕಾ ಜನ ದೇವರೆಂದು ನಡೆದುಕೊಳ್ಳುವ ಒಂದು ಗಿಡ. ಅದೇ ಜನ ಅದಕ್ಕೆ ಅಂಜುತ್ತಾರೆ ಕೂಡ. ಒಲಿದರೆ ಪಿಟೀಲು ನುಡಿಸುವ ಕೈಚಳಕ, ಕಸೂತಿಯ ಕುಶಲತೆ, ರೋಗ ವಾಸಿಮಾಡುವ ಶಕ್ತಿ ಕೊಡುತ್ತದೆ. ಮುನಿದರೆ ಬುದ್ಧಿ ಕೆಡಿಸುತ್ತದೆ, ಪ್ರಾಣಕ್ಕೂ ಎರವಾಗುತ್ತದೆ ಎಂಬುದು ಅವರ ನಂಬಿಕೆ. ವರ ಕೊಡುವುದೂ ಮರುಳು ಹಿಡಿಸುವುದೂ ಒಂದೇ ಗಿಡವಾದಾಗ ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಏಳುತ್ತದೆ. ಅದರ ಬೆನ್ನಿಗೇ ಇನ್ನೂ ದೊಡ್ಡ ಪ್ರಶ್ನೆಯೊಂದು ಬರುತ್ತದೆ: ಕೇಡು ಇರುವುದು ವಸ್ತುವಿನಲ್ಲೋ, ಅದನ್ನು ಬಳಸುವ ಅಳತೆಯಲ್ಲೋ, ಮನುಷ್ಯ ಅದರೊಡನೆ ಇಟ್ಟುಕೊಂಡ ಸಂಬಂಧದಲ್ಲೋ?

ಗಿಡದ ಸ್ವರೂಪ

ಕಿಯೆರಿ ಸೊಲಾಂಡ್ರಾ ಕುಲಕ್ಕೆ ಸೇರಿದ್ದು. ಬದನೆ, ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿ, ಹೊಗೆಸೊಪ್ಪುಗಳಿರುವ ಸೊಲನೇಸಿಯೇ ಕುಟುಂಬವೇ ಇದರದ್ದೂ. 1787ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಓಲೋಫ್ ಸ್ವಾರ್ಟ್ಸ್ ಈ ಕುಲಕ್ಕೆ ಹೆಸರಿಟ್ಟ. ಲಿನೇಯಸ್‌ನ ಶಿಷ್ಯನೂ ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗಿನಲ್ಲಿ ಪ್ರಯಾಣ ಮಾಡಿದವನೂ ಆದ ಡೇನಿಯಲ್ ಸೊಲಾಂಡರ್‌ನ ನೆನಪಿಗೆ ಇಟ್ಟ ಹೆಸರದು. ಕುಲದಲ್ಲಿ ಸುಮಾರು ಹತ್ತು ಪ್ರಭೇದಗಳಿದ್ದು, ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದ ಉಷ್ಣವಲಯದವರೆಗೆ ಹಬ್ಬಿವೆ. ವಿರಾರಿಕಾ ಜನರ ಕಿಯೆರಿ ಎಂದು ಹೆಚ್ಚಾಗಿ ಗುರುತಿಸಿರುವುದು ಸೊಲಾಂಡ್ರಾ ಬ್ರೆವಿಕ್ಯಾಲಿಕ್ಸ್ ಎಂಬ ಪ್ರಭೇದವನ್ನು.

ಸೊಲಾಂಡ್ರಾಗಳು ಕಟ್ಟಿಗೆಯಂಥ ಕಾಂಡದ, ಅಡರಿಕೊಂಡು ಬೆಳೆಯುವ ಪೊದೆಗಳು. ಕೆಲವು ನೆಲದಲ್ಲಿ ಬೇರೂರಿ ಮರ ಹತ್ತುತ್ತವೆ, ಕೆಲವು ಮರದ ಮೇಲೆಯೇ ಅಪ್ಪುಗಿಡಗಳಾಗಿ ಬಾಳುತ್ತವೆ, ಕೆಲವು ಬಂಡೆಯ ಬಿರುಕಿಗೆ ಬೇರಿಳಿಸಿ ಕಡಿದಾದ ಗೋಡೆಯ ಮೇಲೆ ಹರಡಿಕೊಳ್ಳುತ್ತವೆ. ಬದನಿಕೆಯಂತೆ ಅವು ಆಸರೆಯ ಮರದ ರಸ ಹೀರುವುದಿಲ್ಲ. ಮರದಿಂದ ಅವಕ್ಕೆ ಬೇಕಾದದ್ದು ಎತ್ತರ ಮತ್ತು ಬೆಳಕು ಮಾತ್ರ. ಎಲೆ ದಪ್ಪ, ನುಣುಪು, ಹೊಳಪು. ಹೂವು ಗೇಣುದ್ದದ ಬಟ್ಟಲು. ಅರಳಿದಾಗ ಮಾಸಲು ಹಳದಿಯಾಗಿದ್ದು, ದಿನ ಕಳೆದಂತೆ ಹೊಂಬಣ್ಣಕ್ಕೆ ತಿರುಗುತ್ತದೆ. ಒಳಗೋಡೆಯಲ್ಲಿ ನೇರಳೆ ಗೆರೆಗಳೋ ಚುಕ್ಕೆಗಳೋ ಇರುತ್ತವೆ. ಸಂಜೆಯಾಗುತ್ತಲೇ ಗಾಢವಾದ ಪರಿಮಳ ಹೊಮ್ಮುತ್ತದೆ. ಇರುಳಲ್ಲಿ ಹಾರುವ ಪತಂಗಗಳನ್ನೂ ಬಾವಲಿಗಳನ್ನೂ ಕರೆಯುವ ಪರಿಮಳ ಅದು. ಇದೇ ಕುಲದ ಸೊಲಾಂಡ್ರಾ ಮ್ಯಾಕ್ಸಿಮಾವನ್ನು ಬೆಚ್ಚಗಿನ ನಾಡುಗಳ ತೋಟಗಳಲ್ಲಿ ಅಲಂಕಾರಕ್ಕೆ ಬೆಳೆಸುತ್ತಾರೆ. ಮೆಕ್ಸಿಕೋದಲ್ಲಿ ಅದರ ಹೆಸರು ಚಿನ್ನದ ಬಟ್ಟಲು.

ಈ ಚೆಲುವಿನ ಒಳಗೆ ವಿಷವಿದೆ. ಸೊಲಾಂಡ್ರಾಗಳಲ್ಲಿ ಹಯೋಸಯಮೀನ್, ಅಟ್ರೊಪೀನ್ ಮೊದಲಾದ ಟ್ರೋಪೇನ್ ಆಲ್ಕಲಾಯ್ಡ್‌ಗಳಿವೆ. ಉಮ್ಮತ್ತಿಯಲ್ಲಿರುವುದೂ ಇದೇ ಗುಂಪಿನ ವಿಷ. ನರಗಳ ನಡುವೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ತನ್ನ ಕೆಲಸ ಮಾಡದಂತೆ ಇವು ಅಡ್ಡಗಟ್ಟುತ್ತವೆ. ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಎದೆಬಡಿತ ಏರುತ್ತದೆ. ಪ್ರಮಾಣ ಹೆಚ್ಚಾದರೆ ಮನುಷ್ಯ ಇಲ್ಲದವರೊಡನೆ ಮಾತಾಡತೊಡಗುತ್ತಾನೆ. ತಾನು ಎಲ್ಲಿದ್ದೇನೆಂಬುದೇ ಅವನಿಗೆ ತಿಳಿಯುವುದಿಲ್ಲ, ಚೇತರಿಸಿಕೊಂಡ ಮೇಲೆ ನಡೆದದ್ದು ನೆನಪಿರುವುದೂ ಕಡಿಮೆ. ಇನ್ನೂ ಹೆಚ್ಚಾದರೆ ಸಾವು.

ಜನ ಮತ್ತು ಅವರ ದೇವತೆಗಳು

ವಿರಾರಿಕಾ ಜನರನ್ನು ಹೊರಗಿನವರು ವಿಚೋಲ್ ಎಂದು ಕರೆಯುತ್ತಾರೆ. ಹಲಿಸ್ಕೊ, ನಯಾರಿತ್, ದುರಾಂಗೊ ರಾಜ್ಯಗಳು ಕೂಡುವೆಡೆಯ ಸಿಯೆರಾ ಮಾದ್ರೆ ಪರ್ವತಸಾಲು ಅವರ ನೆಲೆ. ಮೆಕ್ಕೆಜೋಳ ಅವರ ಅನ್ನ. ಬೆಂಕಿ ಅವರಿಗೆ ಅಜ್ಜ. ಅವನ ಹೆಸರು ತಾತೆವಾರಿ. ಮಂತ್ರಹಾಡು ಹಾಡುವ, ರೋಗ ನೋಡುವ, ದೇವತೆಗಳೊಡನೆ ಮಾತಾಡುವ ಹಿರಿಯನನ್ನು ಮರಾಕಾಮೆ ಎನ್ನುತ್ತಾರೆ. ನಾಲ್ಕು ದಿಕ್ಕಿಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಪುಣ್ಯಸ್ಥಳಗಳಿಂದ ಅವರ ಲೋಕ ನಿಂತಿದೆ. ಹಾಗಾಗಿ ಐದು ಅವರಲ್ಲಿ ಪವಿತ್ರ ಸಂಖ್ಯೆ.

ಮೂಡಣದ ಪುಣ್ಯಸ್ಥಳ ವಿರಿಕೂತಾ. ಸಾನ್ ಲೂಯಿಸ್ ಪೊಟೊಸಿ ರಾಜ್ಯದ ಆ ಮರುಭೂಮಿಗೆ ಅವರು ಯಾತ್ರೆ ಹೋಗುವುದು ಹಿಕುರಿಗಾಗಿ. ಹಿಕುರಿಯೆಂದರೆ ನೆಲಕ್ಕೆ ಅಂಟಿಕೊಂಡು ಬೆಳೆಯುವ ಮುಳ್ಳಿಲ್ಲದ ಪುಟ್ಟ ಕಳ್ಳಿ, ಪೆಯೋಟೆ. ಜಿಂಕೆ, ಮೆಕ್ಕೆಜೋಳ, ಹಿಕುರಿ ಮೂರೂ ಬೇರೆಬೇರೆಯಲ್ಲ, ಒಂದೇ ಎಂಬುದು ಅವರ ಧರ್ಮದ ತಿರುಳು. ಹೊರಡುವ ಮುನ್ನ ಯಾತ್ರಿಕರು ಬೆಂಕಿಯ ಮುಂದೆ ನಿಂತು ತಮ್ಮ ದಾಂಪತ್ಯದ ತಪ್ಪುಗಳನ್ನು ಎಲ್ಲರೆದುರು ಹೇಳಿಕೊಳ್ಳುತ್ತಾರೆ. ಒಂದೊಂದು ತಪ್ಪಿಗೂ ಹಗ್ಗದಲ್ಲಿ ಒಂದು ಗಂಟು ಬೀಳುತ್ತದೆ. ಕೊನೆಗೆ ಹಗ್ಗ ಬೆಂಕಿಗೆ ಹೋಗುತ್ತದೆ. ಯಾರೂ ಯಾರ ಮೇಲೂ ಸಿಟ್ಟಾಗುವಂತಿಲ್ಲ. 2025ರಲ್ಲಿ ವಿರಿಕೂತಾಕ್ಕೆ ಹೋಗುವ ಈ ಯಾತ್ರಾಪಥವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಿಕುರಿ ಇಡೀ ಸಮುದಾಯದ ದೇವತೆ, ಹಾಡಹಗಲಿನ ದೇವತೆ. ಕಿಯೆರಿಯ ಮಾತು ಬಂದಾಗ ದನಿ ತಗ್ಗುತ್ತದೆ. ಅದರ ಬಗ್ಗೆ ಹೊರಗಿನವರಿಗೆ ತಿಳಿದದ್ದು ತಡವಾಗಿ, ಅದೂ ತುಣುಕುತುಣುಕಾಗಿ.

ಕತೆಯ ಕಿಯೆರಿ

ಹೊರಗಿನ ಓದುಗರಿಗೆ ಕಿಯೆರಿಯನ್ನು ಮೊದಲು ವಿಸ್ತಾರವಾಗಿ ಪರಿಚಯಿಸಿದವರು ಮಾನವಶಾಸ್ತ್ರಜ್ಞರಾದ ಪೀಟರ್ ಫರ್ಸ್ಟ್ ಮತ್ತು ಬಾರ್ಬರಾ ಮೈಯರ್‌ಹಾಫ್. 1966ರಲ್ಲಿ ಅವರು ಪ್ರಕಟಿಸಿದ ಪುರಾಣಕತೆಗಳನ್ನು ಹೇಳಿದವನು ರಾಮೋನ್ ಮೆದಿನಾ ಸಿಲ್ವಾ ಎಂಬ ವಿರಾರಿಕಾ ಕಲಾವಿದ. ಅವನ ಕತೆಯಲ್ಲಿ ಕಿಯೆರಿ ಒಬ್ಬ ಮನುಷ್ಯರೂಪಿ ಮಾಟಗಾರ. ಮರಾಕಾಮೆಯ ವೇಷ ಹಾಕಿಕೊಂಡು, ಇಂಪಾಗಿ ಹಾಡಿ ಜನರನ್ನು ಸೆಳೆಯುತ್ತಾನೆ. ಅವನ ಮೋಡಿಗೆ ಸಿಕ್ಕವರು ತಮಗೆ ರೆಕ್ಕೆ ಬಂದಿದೆ ಎಂದುಕೊಂಡು ಬಂಡೆಯಿಂದ ಹಾರಿ ಸಾಯುತ್ತಾರೆ. ಜಿಂಕೆಯ ರೂಪದ ಕೌಯುಮಾರಿ ಹಿಕುರಿಯ ಬಲ ಪಡೆದು ಅವನೊಡನೆ ಹೋರಾಡಿ ಬಾಣಗಳಿಂದ ಹೊಡೆಯುತ್ತಾನೆ. ಆದರೆ ಕಿಯೆರಿ ಸಾಯುವುದಿಲ್ಲ. ಗಾಳಿಯೊಡನೆ ಬಂಡೆಗಳ ನಡುವೆ ಹೋಗಿ ಗಿಡವಾಗಿ ನಿಲ್ಲುತ್ತಾನೆ.

ಕತೆಯ ತೀರ್ಪು ಖಚಿತ. ಹಿಕುರಿ ಸತ್ಯ, ಕಿಯೆರಿ ಸುಳ್ಳು. ಹಿಕುರಿ ದಾರಿ ತೋರುತ್ತದೆ, ಕಿಯೆರಿ ದಾರಿ ತಪ್ಪಿಸುತ್ತದೆ. ಇದನ್ನು ಕೇಳಿದ ಸಂಶೋಧಕರು ಕಿಯೆರಿಯನ್ನು ದುಷ್ಟಶಕ್ತಿಯೆಂದು ತಿಳಿದದ್ದು ಸಹಜ. ಅದು ಉಮ್ಮತ್ತಿಯ ಜಾತಿಯ ದತೂರ ಎಂದೂ ಅವರು ಮೊದಲು ಎಣಿಸಿದ್ದರು.

ಮುಂದಿನ ಕ್ಷೇತ್ರಕಾರ್ಯ ಎರಡನ್ನೂ ತಿದ್ದಿತು. 1977ರಲ್ಲಿ ಸಂಶೋಧಕ ಟಿಮ್ ನ್ಯಾಬ್ ವಿರಾರಿಕಾ ಜನರಲ್ಲಿ ಸೊಲಾಂಡ್ರಾದ ಬಳಕೆಯ ಬಗ್ಗೆ ಬರೆದರು. ಫರ್ಸ್ಟ್ ಕೂಡ ತಮ್ಮ ಮೊದಲ ಗುರುತನ್ನು ಬದಲಿಸಿ, ನಿಜವಾದ ಕಿಯೆರಿ ಸೊಲಾಂಡ್ರಾ ಎಂದು ಒಪ್ಪಿದರು. ಜಪಾನಿನ ಸಂಶೋಧಕ ಮಸಾಯಾ ಯಾಸುಮೊಟೊ ಕಿಯೆರಿಗೆ ನಡೆದುಕೊಳ್ಳುವವರ ಆಚರಣೆಯನ್ನು ಹತ್ತಿರದಿಂದ ನೋಡಿ ಬರೆದ ಅಧ್ಯಯನ 1996ರಲ್ಲಿ ಹೊರಬಂತು. ಪುರಾಣದಲ್ಲಿ ಸೋತ ಮಾಟಗಾರ, ಬೆಟ್ಟದ ಬಂಡೆಯ ಮೇಲೆ ಪೂಜೆಗೊಳ್ಳುವ ದೇವತೆಯಾಗಿದ್ದ. ಕೆಟ್ಟ ಕಿಯೆರಿ ಎಂಬ ಮಾತನ್ನು ವಿರಾರಿಕಾ ಜನ ದತೂರಕ್ಕೆ ಮೀಸಲಿಟ್ಟಿದ್ದರು.

ಹರಕೆಯ ಕಿಯೆರಿ

ಕಿಯೆರಿಯ ಪೂಜೆ ಸೊಲಾಂಡ್ರಾ ಎಂಬ ಜಾತಿಗಲ್ಲ, ಇಂಥ ಬಂಡೆಯ ಮೇಲಿರುವ ಇಂಥದೇ ಗಿಡಕ್ಕೆ. ಆ ಗಿಡಕ್ಕೆ ಹೆಸರುವಾಸಿಯಿದೆ, ಸ್ವಭಾವವಿದೆ. ಭಕ್ತರು ಅದರ ಬುಡಕ್ಕೆ ಕಾಣಿಕೆ ತರುತ್ತಾರೆ. ಗರಿ ಕಟ್ಟಿದ ಹರಕೆಯ ಬಾಣ, ಒಳಮೈಗೆ ಜೇನುಮೇಣ ಸವರಿ ಅದರಲ್ಲಿ ಮಣಿಗಳನ್ನು ಒತ್ತಿದ ಸೋರೆಬುರುಡೆಯ ಪುಟ್ಟ ಬಟ್ಟಲು, ಮೇಣದಬತ್ತಿ, ನಾಣ್ಯ. ಕೇಳಬೇಕಾದದ್ದನ್ನು ವಿರಾರಿಕಾ ಜನ ಬಾಯಲ್ಲಿ ಹೇಳುವುದಷ್ಟೇ ಅಲ್ಲ, ಬಾಣಕ್ಕೆ ಕಟ್ಟಿಯೂ ತೋರಿಸುತ್ತಾರೆ: ಬೇಡಿಕೆ ಏನೋ ಅದರ ಕಿರುರೂಪವನ್ನು ಬಾಣಕ್ಕೆ ತೂಗುಹಾಕುತ್ತಾರೆ.

ಬೇಡುವುದು ಸಾಮಾನ್ಯವಾಗಿ ಒಂದು ವಿದ್ಯೆಯನ್ನು. ಪಿಟೀಲು ಕಲಿಯುವ ಹುಡುಗ ಕಿಯೆರಿಗೆ ಹರಕೆ ಹೊರುತ್ತಾನೆ. ಕಸೂತಿ, ನೇಯ್ಗೆಯಲ್ಲಿ ಕೈ ಪಳಗಬೇಕೆಂದು ಹೆಣ್ಣುಮಕ್ಕಳು ಹೊರುತ್ತಾರೆ. ಬೇಟೆಯಲ್ಲಿ ಗೆಲುವು ಬೇಕಾದವರು, ಮರಾಕಾಮೆ ಆಗಬೇಕೆಂದಿರುವವರು ಕೂಡ ಈ ದಾರಿ ಹಿಡಿಯುವುದುಂಟು. ಪಿಟೀಲು ಅಲ್ಲಿಗೆ ಬಂದದ್ದು ಸ್ಪೇನಿನವರ ಜೊತೆಗೆ. ಅದನ್ನು ಕಲಿಸುವ ಹೊಣೆ ಹಳೆಯ ದೇವತೆಯ ಪಾಲಿಗೆ ಬಂದಿದೆ ಎಂದರೆ ಈ ಧರ್ಮ ಇನ್ನೂ ಬೆಳೆಯುತ್ತಿದೆ ಎಂದರ್ಥ.

ಹರಕೆಗೆ ಅವಧಿಯಿದೆ, ಹಲವೊಮ್ಮೆ ಐದು ವರ್ಷ. ಅಷ್ಟೂ ಕಾಲ ಕಾಣಿಕೆ ತಪ್ಪುವಂತಿಲ್ಲ, ಗಂಡಹೆಂಡಿರ ನಿಷ್ಠೆ ಕೆಡುವಂತಿಲ್ಲ. ನಡೆಸಿಕೊಟ್ಟರೆ ವಿದ್ಯೆ ಒಲಿಯುತ್ತದೆ. ಮಾತು ತಪ್ಪಿದರೆ ಕಾಯಿಲೆ, ಹುಚ್ಚು, ಕೆಲವೊಮ್ಮೆ ಸಾವು. ಕಿಯೆರಿಯ ಹಾದಿ ಹಿಡಿದವನನ್ನು ನೆರೆಯವರು ಮಾಟಗಾರನಿರಬಹುದೆಂದು ಅನುಮಾನಿಸುವುದೂ ಇದೆ. ಗಿಡವನ್ನು ತಿನ್ನುವುದು ಇಲ್ಲಿ ಮುಖ್ಯವೇ ಅಲ್ಲ. ಅದರ ಪರಿಮಳವೇ ಬುದ್ಧಿ ಕದಡಬಲ್ಲದು ಎಂದು ಜನ ಎಚ್ಚರದಿಂದಿರುತ್ತಾರೆ. ಭಕ್ತನಿಗೆ ಕಿಯೆರಿಯೊಡನೆ ಸಂಬಂಧ ಬೆಳೆಯುವುದು ಕಾಣಿಕೆ, ವ್ರತ, ಕನಸುಗಳ ಮೂಲಕ.

ಕೇಡು ಎಲ್ಲಿದೆ: ಮೂರು ಉತ್ತರ

ಮೊದಲ ಉತ್ತರ ಮೆದಿನಾ ಸಿಲ್ವಾನ ಕತೆಯದ್ದು: ಕೇಡು ವಸ್ತುವಿನಲ್ಲೇ ಇದೆ. ಈ ಉತ್ತರಕ್ಕೆ ರಸಾಯನಶಾಸ್ತ್ರದಿಂದಲೂ ಒಂದಿಷ್ಟು ಬೆಂಬಲ ಸಿಗುತ್ತದೆ. ಹಿಕುರಿಯಲ್ಲಿರುವ ಮೆಸ್ಕಲೀನ್ ಕೊಡುವ ದರ್ಶನದಲ್ಲಿ ಮನುಷ್ಯನಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ, ಕಂಡದ್ದು ನೆನಪಿರುತ್ತದೆ, ಅದನ್ನು ಇನ್ನೊಬ್ಬರಿಗೆ ಹೇಳಬಹುದು. ಟ್ರೋಪೇನ್ ವಿಷದ ಭ್ರಮೆಯಲ್ಲಿ ಎಚ್ಚರ ಅಳಿಯುತ್ತದೆ. ಕಂಡದ್ದು ಭ್ರಮೆಯೆಂಬ ಅರಿವೂ ಇರುವುದಿಲ್ಲ. ಧಾರ್ಮಿಕ ಅನುಭವದ ಬಗ್ಗೆ 1902ರಲ್ಲಿ ದೊಡ್ಡ ಗ್ರಂಥ ಬರೆದ ವಿಲಿಯಂ ಜೇಮ್ಸ್, ಅನುಭವ ಎಲ್ಲಿಂದ ಬಂತು ಎಂಬುದಕ್ಕಿಂತ ಬಾಳಿನಲ್ಲಿ ಅದು ಏನು ಫಲ ಕೊಟ್ಟಿತು ಎಂಬುದರಿಂದ ಅದನ್ನು ಅಳೆಯಬೇಕೆಂದ. ಆ ಅಳತೆಗೋಲಿನಲ್ಲಿ, ನೆನಪೂ ಉಳಿಯದ, ಹೇಳಿಕೊಳ್ಳಲೂ ಬಾರದ ಭ್ರಮೆ ಸಮುದಾಯಕ್ಕೆ ಏನನ್ನೂ ಕೊಡಲಾರದು. ಹಿಕುರಿಯ ದರ್ಶನ ಹಾಡಾಗುತ್ತದೆ, ನೂಲಿನ ಚಿತ್ರವಾಗುತ್ತದೆ, ಹತ್ತು ಜನರ ಸ್ವತ್ತಾಗುತ್ತದೆ. ಕಿಯೆರಿಯನ್ನು ತಿಂದವನು ತನ್ನ ಭ್ರಮೆಯೊಳಗೆ ಒಬ್ಬಂಟಿ.

ಆದರೆ ಈ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಕೇಡು ಗಿಡದ ಸ್ವಭಾವವೇ ಆಗಿದ್ದರೆ ಅದಕ್ಕೆ ಮೇಣದಬತ್ತಿ ಹಚ್ಚುವವರು, ಅದರಿಂದ ಪಿಟೀಲು ಕಲಿತವರು ಮೋಸಹೋದವರು ಅಥವಾ ಮಾಟಗಾರರು ಎನ್ನಬೇಕಾಗುತ್ತದೆ. ಅವರ ಬಾಳು ಅದನ್ನು ಹೇಳುವುದಿಲ್ಲ.

ಎರಡನೆಯ ಉತ್ತರ ವೈದ್ಯರದ್ದು: ಕೇಡು ಅಳತೆಯಲ್ಲಿದೆ. ವಿಷವಲ್ಲದ ವಸ್ತುವೇ ಇಲ್ಲ, ಪ್ರಮಾಣವೇ ಒಂದನ್ನು ವಿಷವಾಗಿಸುತ್ತದೆ ಎಂಬ ವಿಚಾರವನ್ನು 1538ರಲ್ಲಿ ವೈದ್ಯ ಪ್ಯಾರಾಸೆಲ್ಸಸ್ ಮಂಡಿಸಿದ. ಸೊಲಾಂಡ್ರಾದಲ್ಲಿರುವ ಅಟ್ರೊಪೀನನ್ನೇ ಇಂದು ಆಸ್ಪತ್ರೆಗಳಲ್ಲಿ ಎದೆಬಡಿತ ತೀರ ಕುಸಿದಾಗ ಕೊಡುತ್ತಾರೆ. ಕೀಟನಾಶಕ ಕುಡಿದು ಬಂದವರನ್ನು ಉಳಿಸಲು ಕೊಡುತ್ತಾರೆ. ಕೊಲ್ಲಬಲ್ಲ ವಸ್ತುವೇ ಅಳೆದು ಕೊಟ್ಟಾಗ ಬದುಕಿಸುತ್ತದೆ. ಈ ಮಾತು ನಿಜ, ಉಪಕಾರಿ ಕೂಡ. ಆದರೆ ಅದು ತಿನ್ನುವ ಗಿಡಕ್ಕೆ ಹೇಳಿದ ಮಾತು. ಕಿಯೆರಿಯ ಭಕ್ತರಲ್ಲಿ ಹೆಚ್ಚಿನವರು ಗಿಡವನ್ನು ಬಾಯಿಗೇ ಹಾಕುವುದಿಲ್ಲ. ಅವರ ಭಯಭಕ್ತಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಉತ್ತರವಿಲ್ಲ.

ಮೂರನೆಯ ಉತ್ತರ ಹರಕೆಯ ಆಚರಣೆಯಲ್ಲೇ ಅಡಗಿದೆ: ಕೇಡು ಇರುವುದು ಸಂಬಂಧದಲ್ಲಿ. ಕಿಯೆರಿಯಲ್ಲಿರುವುದು ಒಂದೇ ಶಕ್ತಿ. ಮಾತು ಉಳಿಸಿಕೊಂಡವನಿಗೆ ಅದು ವಿದ್ಯೆ, ಮಾತು ಮುರಿದವನಿಗೆ ಅದೇ ಮರುಳು. ವಿರಾರಿಕಾ ಜನ ಗಿಡವನ್ನು ಕಿಯೆರಿ ತೆವಿಯಾರಿ ಎಂದು ಕರೆಯುತ್ತಾರೆ, ಅಂದರೆ ಕಿಯೆರಿಯೆಂಬ ವ್ಯಕ್ತಿ. ವಸ್ತುವಿಗೆ ಗುಣವಿರುತ್ತದೆ, ವ್ಯಕ್ತಿಗೆ ಒಲವು, ಮುನಿಸು, ನೆನಪು ಇರುತ್ತವೆ. ವ್ಯಕ್ತಿಯೊಬ್ಬ ಒಬ್ಬರಿಗೆ ಉಪಕಾರ ಮಾಡಿ ಇನ್ನೊಬ್ಬರ ಮೇಲೆ ಸಿಟ್ಟಾದರೆ ಅವನನ್ನು ಹುಟ್ಟಾ ಒಳ್ಳೆಯವನೆಂದೋ ಕೆಟ್ಟವನೆಂದೋ ಯಾರೂ ಹೇಳುವುದಿಲ್ಲ. ಅವರಿಬ್ಬರ ನಡುವೆ ಏನು ನಡೆಯಿತು ಎಂದು ಕೇಳುತ್ತಾರೆ. ಕಿಯೆರಿಯ ವಿಷಯದಲ್ಲೂ ಕೇಳಬೇಕಾದ ಸರಿಯಾದ ಪ್ರಶ್ನೆ ಅದೇ.

ಈ ನೋಟದಲ್ಲಿ ಪುರಾಣಕ್ಕೂ ಪೂಜೆಗೂ ಇರುವ ವಿರೋಧ ಸಡಿಲವಾಗುತ್ತದೆ. ಕತೆಯ ಕಿಯೆರಿ ಮಾಡಿದ ತಪ್ಪು ಶಕ್ತನಾಗಿದ್ದುದಲ್ಲ, ವೇಷ ಹಾಕಿ ಜನರ ನಂಬಿಕೆ ಮುರಿದದ್ದು. ಸೋತ ಮೇಲೆ ಅವನು ಅಳಿಯಲಿಲ್ಲ, ಊರಿಂದ ದೂರದ ಬಂಡೆಗೆ ಹೋಗಿ ನಿಂತ. ಅಂದರೆ ಆ ಶಕ್ತಿಗೆ ಒಂದು ಜಾಗ ಗೊತ್ತಾಯಿತು. ಈಗ ಅವನ ಬಳಿಗೆ ಹೋಗುವವರು ತಾವಾಗಿಯೇ ಬೆಟ್ಟ ಹತ್ತಿ, ಮಾತು ಕೊಟ್ಟು, ಲೆಕ್ಕ ಒಪ್ಪಿಸಬೇಕು. ಮೋಡಿಯ ಜಾಗದಲ್ಲಿ ಒಪ್ಪಂದ ಬಂದಿದೆ.

ಪವಿತ್ರವಾದದ್ದರ ಎದುರು ಮನುಷ್ಯನಿಗೆ ನಡುಕವೂ ಸೆಳೆತವೂ ಒಟ್ಟಿಗೇ ಆಗುತ್ತವೆ ಎಂದು ಜರ್ಮನಿಯ ರೂಡಾಲ್ಫ್ ಒಟ್ಟೊ 1917ರಲ್ಲಿ ಬರೆದ. ಒಳಿತು ಕೆಡುಕಿನ ತೀರ್ಪಿಗಿಂತ ಮೊದಲಿನದು ಈ ಅನುಭವ ಎಂಬುದು ಅವನ ವಾದ. ಕಿಯೆರಿಯ ಎದುರಿನ ಭಯಭಕ್ತಿಗೆ ಈ ವಿವರಣೆ ಒಪ್ಪುತ್ತದೆ. ಆದರೆ ವಿರಾರಿಕಾ ಜನ ಅಲ್ಲಿಗೇ ನಿಲ್ಲುವುದಿಲ್ಲ. ನಡುಕ ಮತ್ತು ಸೆಳೆತವನ್ನು ವ್ರತಕ್ಕೆ ಕಟ್ಟಿಹಾಕಿ, ಅದರಿಂದ ಬಾಳಿಗೆ ಒಂದು ಶಿಸ್ತು ತರುತ್ತಾರೆ.

ಭಾರತದಲ್ಲೂ ಇದೇ ಕುಟುಂಬದ ಗಿಡವೊಂದು ಗುಡಿಯೊಳಗೆ ಹೋಗಿದೆ. ತಿಂದರೆ ಹುಚ್ಚು ಹಿಡಿಸುವ ಉಮ್ಮತ್ತಿಯ ಹೂ, ಕಾಯಿ ಶಿವನಿಗೆ ಏರುತ್ತವೆ. ಹಾಲಾಹಲವನ್ನು ಕಂಠದಲ್ಲಿ ಇಟ್ಟುಕೊಂಡವನಿಗೆ ವಿಷದ ಹೂವು ಸಲ್ಲುತ್ತದೆ ಎಂಬ ಭಾವ ಅದು. ಎರಡೂ ಕಡೆ ವಿಷವನ್ನು ಲೋಕದಿಂದ ಹೊರಗೆ ಹಾಕಿಲ್ಲ, ಅದಕ್ಕೆ ತಕ್ಕ ಜಾಗ ಕೊಟ್ಟಿದ್ದಾರೆ. ವ್ಯತ್ಯಾಸವೂ ದೊಡ್ಡದೇ: ಉಮ್ಮತ್ತಿ ದೇವರಿಗೆ ಸಲ್ಲುವ ಕಾಣಿಕೆ, ಕಿಯೆರಿ ಕಾಣಿಕೆ ಪಡೆಯುವ ದೇವರು.

ಆಕ್ಷೇಪಗಳು

ಸಂಬಂಧದ ಉತ್ತರಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ವಿಷ ಯಾರ ವ್ರತವನ್ನೂ ಕೇಳುವುದಿಲ್ಲ ಎಂಬುದು ಒಂದು. ಏನೂ ಅರಿಯದ ಮಗು ಸೊಲಾಂಡ್ರಾದ ಹೂವನ್ನು ಬಾಯಿಗೆ ಹಾಕಿದರೆ ಅದೂ ನರಳುತ್ತದೆ; ಅದು ಯಾವ ಮಾತನ್ನೂ ತಪ್ಪಿಲ್ಲ. ಇದನ್ನು ಅಲ್ಲಗಳೆಯುವಂತಿಲ್ಲ. ಗಿಡದ ರಸಾಯನಕ್ಕೆ ನೀತಿಯಿಲ್ಲ. ಹರಕೆಯ ಧರ್ಮ ಮಾಡುವ ಕೆಲಸವೆಂದರೆ ಆ ಗಿಡದ ಸುತ್ತ ನಡತೆಯ ಬೇಲಿ ಹಾಕುವುದು. ಸುಮ್ಮನೆ ಹತ್ತಿರ ಹೋಗಬೇಡ, ಹಗುರವಾಗಿ ಮುಟ್ಟಬೇಡ, ಕೇಳದೆ ಕೀಳಬೇಡ ಎಂಬ ಕಟ್ಟುಪಾಡು ವಿಷದಿಂದಲೂ ಕಾಪಾಡುತ್ತದೆ. ಹಾಗೆಂದು ಹರಕೆಯನ್ನು ಬರೀ ಸುರಕ್ಷತೆಯ ಉಪಾಯ ಎಂದುಬಿಟ್ಟರೆ ತಪ್ಪಾಗುತ್ತದೆ. ಐದು ವರ್ಷ ನಿಷ್ಠೆಯಿಂದ ಬಾಳಿ ಪಿಟೀಲು ಕಲಿತವನಿಗೆ ದಕ್ಕಿದ್ದು ವಿಷದಿಂದ ಪಾರಾಗುವುದಕ್ಕಿಂತ ಬಹಳ ಹೆಚ್ಚಿನದು.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಕಾಯಿಲೆ ಬಂದವನ ಹಿಂದೆ ಮುರಿದ ಹರಕೆಯೊಂದನ್ನು ಹುಡುಕುವುದು ಸುಲಭ. ತಪ್ಪಿಲ್ಲದವನ ಮೇಲೂ ತಪ್ಪು ಹೊರಿಸಬಹುದು. ನೊಂದವನಿಗೇ ನೋವಿನ ಹೊಣೆ ಕಟ್ಟುವ ಯಾವ ಧರ್ಮವೂ ಈ ಅಪಾಯದಿಂದ ಮುಕ್ತವಲ್ಲ. ಪೂರ್ವಜನ್ಮದ ಕರ್ಮದ ಮಾತಿಗೂ, ಪಾಪದ ಫಲವೆಂಬ ಕ್ರೈಸ್ತ ಮಾತಿಗೂ ಇದೇ ಪ್ರಶ್ನೆ ಬಿದ್ದಿದೆ. ಕಿಯೆರಿಯ ಹಾದಿ ಹಿಡಿದವನ ಮೇಲೆ ಬೀಳುವ ಮಾಟದ ಅನುಮಾನ ಈ ಅಪಾಯ ನಿಜವೆಂಬುದಕ್ಕೆ ಸಾಕ್ಷಿ.

ಆದರೂ ಒಂದು ಮುಖ್ಯ ಭೇದವನ್ನು ಗಮನಿಸಬೇಕು. ಕೇಡು ವಸ್ತುವಿನಲ್ಲಿದೆ ಎಂದಾದರೆ ಮಾಡಬಹುದಾದದ್ದು ಅದನ್ನು ನಾಶಮಾಡುವುದೊಂದೇ. ಮುರಿದುಹೋದ ಸಂಬಂಧದಲ್ಲಿದೆ ಎಂದಾದರೆ ಅದನ್ನು ಸರಿಪಡಿಸಬಹುದು. ಮರಾಕಾಮೆ ಮಾಡುವುದು ಇದನ್ನೇ. ಯಾವ ದೇವತೆಯ ಬಾಕಿ ಉಳಿದಿದೆ ಎಂದು ಕಂಡುಹಿಡಿಯುತ್ತಾನೆ, ಏನು ಸಲ್ಲಿಸಬೇಕೆಂದು ಹೇಳುತ್ತಾನೆ. ತಪ್ಪನ್ನು ಹೆಸರಿಸುವುದು ತೀರಿಸುವ ದಾರಿ ತೋರುವುದಕ್ಕಾಗಿ. ಯಾತ್ರಿಕರ ಗಂಟಿನ ಹಗ್ಗ ಬೆಂಕಿಗೆ ಹೋಗುವುದರ ಅರ್ಥವೂ ಅದೇ: ತಪ್ಪು ಎಲ್ಲರಿಗೂ ತಿಳಿಯಿತು, ಸುಟ್ಟುಹೋಯಿತು, ಇನ್ನು ಮುಂದೆ ನಡೆಯಬಹುದು.

ಉತ್ತರದ ವ್ಯಾಪ್ತಿ

ಮೂರೂ ಉತ್ತರಗಳಿಗೆ ತಮ್ಮತಮ್ಮ ಕ್ಷೇತ್ರವಿದೆ. ಗಿಡದಲ್ಲಿ ಏನಿದೆ ಎಂಬುದಕ್ಕೆ ರಸಾಯನಶಾಸ್ತ್ರ ಉತ್ತರಿಸುತ್ತದೆ, ಎಷ್ಟು ಸಲ್ಲುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರ. ಅಪಾಯಕಾರಿಯಾದ, ಚೆಲುವಾದ, ತನ್ನ ಸ್ವತ್ತಲ್ಲದ ಜೀವವೊಂದರ ಜೊತೆಗೆ ಹೇಗೆ ಬಾಳಬೇಕು ಎಂಬ ಪ್ರಶ್ನೆಗೆ ಅವೆರಡರಲ್ಲೂ ಉತ್ತರವಿಲ್ಲ. ಆ ಪ್ರಶ್ನೆಯನ್ನು ವಿರಾರಿಕಾ ಜನ ತಲೆಮಾರುಗಳಿಂದ ಎದುರಿಸಿದ್ದಾರೆ. ಲೋಕದ ಶಕ್ತಿಗಳನ್ನು ಒಳ್ಳೆಯವು, ಕೆಟ್ಟವು ಎಂದು ಎರಡು ಗುಂಪು ಮಾಡಿ ಒಂದನ್ನು ಪೂಜಿಸಿ ಇನ್ನೊಂದನ್ನು ಸುಡುವುದು ಅವರ ದಾರಿಯಲ್ಲ. ಪ್ರತಿಯೊಂದು ಶಕ್ತಿಗೂ ಸಲ್ಲಬೇಕಾದದ್ದನ್ನು ಅರಿತು, ಕೊಟ್ಟ ಮಾತನ್ನು ಉಳಿಸಿಕೊಂಡು ಬಾಳುವುದು ಅವರ ಧರ್ಮ. ಗಿಡದ ವಿಷವನ್ನು ಮನುಷ್ಯ ತೆಗೆಯಲಾರ. ತನ್ನ ಮಾತನ್ನು ಉಳಿಸಿಕೊಳ್ಳಬಲ್ಲ. ಕಿಯೆರಿಯ ಆರಾಧನೆ ಧರ್ಮವನ್ನು ಕಾಣುವುದು ಮನುಷ್ಯನ ಕೈಯಲ್ಲಿರುವ ಆ ಭಾಗದಲ್ಲಿ.